ಚಪ್ಪಡಿಗೂ ಸುಸ್ತಾಗುತ್ತದಾ?

ಕಳೆದ ವಾರ ಒಂದು ಕಾಂಕ್ರೀಟ್ ಚಪ್ಪಡಿ ಮುರಿಯುವುದನ್ನು ನೋಡಲು ವ್ಯಾನ್ ಮಾಡಿಕೊಂಡು ದಿಂಡಿಗಲ್ಲಿಗೆ ಹೋಗಿದ್ದೆ. ಒಬ್ಬಳೇ ಅಲ್ಲ. ಚಿಕ್ಕಪ್ಪ, ಚಿಕ್ಕಮ್ಮ, ಚಿಕ್ಕಮ್ಮನ ಜೊತೆ ಹೊಲಿಗೆ ಹೊಲಿಯುವ ನಾಲ್ವರು ಹೆಂಗಸರು, ಒಂದು ಬುಟ್ಟಿ ದ್ರಾಕ್ಷಿ. (ಮದುವೆ ದಿಬ್ಬಣಕ್ಕೂ ನಾವು ಇಷ್ಟು ಹುರುಪಿನಿಂದ ಹೊರಟಿದ್ದಿಲ್ಲ!)

ಚಿಕ್ಕಪ್ಪ ಕೆಂಜಪ್ಪನ ದ್ರಾಕ್ಷಿ ತೋಟ ಇರುವುದು ತಮಿಳುನಾಡಿನ ತೇವಾರದಲ್ಲಿ. (ಅಲ್ಲಿನ ನಮ್ಮವರ ಕನ್ನಡದಲ್ಲಿ ತಮಿಳೂ ಬೆರೆತಿರುತ್ತದೆ.) ಅಲ್ಲಿಗೆ ಹೋಗಲು ಒಂದು ಸಣ್ಣ ಕಾಲುವೆ ದಾಟಬೇಕು. ಹನ್ನೊಂದು ವರ್ಷದ ಹಿಂದೆ, ಅವರ ಮಗಳು ಭಾಗ್ಯ ಇನ್ನೂ ಇಂಜಿನಿಯರಿಂಗ್ ಓದುತ್ತಿದ್ದಾಗ, ಆ ಕಾಲುವೆಗೆ ತಾನೇ ಒಂದು ಚಪ್ಪಡಿ ಎರಕ ಹೊಯ್ದಳು. ಜಲ್ಲಿ ಕಡಿಮೆ ಮಾಡಿ, ಅದರ ಜಾಗಕ್ಕೆ ತರ್ಮಾಕೋಲ್ ಕಾಳು ಬೆರೆಸಿದ ಕಾಂಕ್ರೀಟ್. ಹೌದು, ಹೊಸ ಟಿವಿಯ ಡಬ್ಬದಲ್ಲಿ ಬರುತ್ತದಲ್ಲ, ಅದೇ ತರ್ಮಾಕೋಲ್! ಭಾರ ಎಷ್ಟು ಕಡಿಮೆಯೆಂದರೆ ನಾಲ್ಕು ಜನ ಎತ್ತಿಕೊಂಡು ಹೋಗಿ ಇಟ್ಟುಬಂದರು.

ಅಂದಿನಿಂದ ಬೈಕು, ದ್ರಾಕ್ಷಿ ಪೆಟ್ಟಿಗೆ, ಗೊಬ್ಬರದ ಮೂಟೆ ಎಲ್ಲ ಅದರ ಮೇಲೆಯೇ ಓಡಾಡಿದವು. ಚಿಕ್ಕಪ್ಪ ಮಾತ್ರ ಇಲ್ಲ. ಅವರು ಮೇಲಿನ ಕಲ್ಲು ಸೇತುವೆಯಿಂದ ಸುತ್ತು ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಹನ್ನೊಂದು ವರ್ಷ! ಭಾಗ್ಯ ನಕ್ಕುಬಿಡುತ್ತಿದ್ದಳು. ಆದರೆ ಅಪ್ಪ ಸುತ್ತಿಕೊಂಡು ಹೋಗುವುದನ್ನು ನೋಡುತ್ತ ನಿಂತ ಆ ಹುಡುಗಿಯ ಮುಖ ನಾನು ನೋಡಿದ್ದೇನೆ.

ಈಗ ಚಿಕ್ಕಮ್ಮನಿಗೆ ಮನೆಯ ಮೇಲೊಂದು ಹಾಲ್ ಬೇಕು. ಎಂಟು ಹೊಲಿಗೆ ಮಿಷನ್ ಹಾಕುವ ಆಸೆ. ಮಾಮೂಲಿ ಕಾಂಕ್ರೀಟಿನ ಭಾರವನ್ನು ಹಳೆ ಗೋಡೆ ತಡೆಯುವುದಿಲ್ಲ ಎಂದು ಮೇಸ್ತ್ರಿ ಹೇಳಿಬಿಟ್ಟ. ಭಾಗ್ಯ (ಈಗ ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ) ಥಟ್ಟನೆ ಅಂದಳು: "ತರ್ಮಾಕೋಲ್ ಕಾಂಕ್ರೀಟ್ ಹಾಕಾಣಪ್ಪಾ."

ಚಿಕ್ಕಪ್ಪ ಬೇಡವೆಂದು ತಲೆಯಾಡಿಸಿದರು. (ಮಗಳನ್ನು ಅವರು ಮುದ್ದಿನಿಂದ ಕರೆಯುವುದು 'ಕಣ್ಣು' ಎಂದು.) "ಎಂಟು ಮಿಷನು ದಿನಾ ತಡತಡಾಂತ ಆಡ್ತವೆ ಕಣ್ಣು. ಇವತ್ತು ಭಾರ ತಾಂಗ್ತದೆ, ಸರಿ. ಹತ್ತು ವರ್ಷ ಕಳ್ದ ಮೇಲೆ?"

ಪ್ರಶ್ನೆ ಸರಿಯಾಗಿಯೇ ಇತ್ತು ಅನ್ನಿ. ಒಂದೇ ಸಲ ಬೀಳುವ ದೊಡ್ಡ ಭಾರ ಬೇರೆ. ದಿನವೂ ಬಂದು ಹೋಗುವ ಸಣ್ಣ ಭಾರ ಬೇರೆ. ಲಕ್ಷಾಂತರ ಸಲ ಒತ್ತಿ ಬಿಟ್ಟರೆ ಕಾಂಕ್ರೀಟಿಗೂ ಸುಸ್ತಾಗುತ್ತದಂತೆ! ಇಂಜಿನಿಯರುಗಳು ಅದನ್ನು ಫೆಟೀಗ್ ಅನ್ನುತ್ತಾರೆ.

ಭಾಗ್ಯ ವಾದ ಮಾಡಲಿಲ್ಲ. ಕಾಲುವೆಯ ಮೇಲಿದ್ದ ಚಪ್ಪಡಿಯನ್ನೇ ಎತ್ತಿಸಿ ಗಾಡಿಗೆ ಹಾಕಿಸಿದಳು. "ಹನ್ನೊಂದು ವರ್ಷ ಬಿಸಿಲು, ನೀರು, ಬೈಕು ಎಲ್ಲಾ ಕಂಡಿರೋದು ಇದು. ಇದನ್ನೇ ಕೇಳಾಣ."

ಕಾಲೇಜಿನ ಲ್ಯಾಬಿನಲ್ಲಿ ಒಂದು ಯಂತ್ರ ಅದನ್ನು ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ವಾರಕ್ಕೂ ಹೆಚ್ಚು ಕಾಲ ಇದೇ ಕೆಲಸ. ಚಪ್ಪಡಿಗೆ ಏನೂ ಆಗಲಿಲ್ಲ. ಕೊನೆಯ ದಿನ, ಮುರಿಯುವವರೆಗೂ ಭಾರ ಏರಿಸುವ ಪರೀಕ್ಷೆ. ನಾವು ಹೋದದ್ದು ಅದಕ್ಕೇ.

ತಾಳಬೇಕಾದ ಭಾರವನ್ನು ಭಾಗ್ಯ ಮೊದಲೇ ಬೋರ್ಡಿನ ಮೇಲೆ ಬರೆದಿಟ್ಟಿದ್ದಳು. ಚಿಕ್ಕಪ್ಪ ಬಾಗಿಲ ಹತ್ತಿರವೇ ನಿಂತರು. ಯಂತ್ರ ಶುರುವಾಯಿತು. ಅಂಕಿ ಏರತೊಡಗಿತು.

ಟಕ್! ಕೂದಲೆಳೆಯಷ್ಟು ಬಿರುಕು. ಚಿಕ್ಕಮ್ಮ ನನ್ನ ಕೈ ಹಿಡಿದರು.

"ಬಯಪಡ್ಬೇಡಿ," ಎಂದಳು ಭಾಗ್ಯ. "ಇದು ಪಟ್ಟಂತ ಒಡೆಯಲ್ಲ. ಹೇಳ್ಬುಟ್ಟೇ ಒಡೀತದೆ."

ಹೇಳಿತು ಕೂಡ! ನರಳಿತು, ಬಾಗಿತು, ಇನ್ನೊಂದು ಬಿರುಕು ತೋರಿಸಿತು. ಅಷ್ಟಾದರೂ ಹೊತ್ತುಕೊಂಡೇ ಇತ್ತು. ಅಂಕಿ ಬೋರ್ಡಿನ ಗುರುತನ್ನು ದಾಟಿದಾಗ ಹೊಲಿಗೆಯ ಹೆಂಗಸರು ಚಪ್ಪಾಳೆ ತಟ್ಟಿದರು. ಒಬ್ಬರು ಶಿಳ್ಳೆಯನ್ನೇ ಹಾಕಿದರು. ನಾನೋ, ಕ್ರಿಕೆಟ್ಟಿನ ಕೊನೆಯ ಓವರ್ ನೋಡುವವಳಂತೆ ಕುಣಿಯುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ ಅದು ಮೆಲ್ಲಗೆ ಕುಸಿಯಿತು.

ಚಿಕ್ಕಪ್ಪ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು. ಬಿರುಕಿನೊಳಗೆ ಬೆರಳಿಟ್ಟರು. ತರ್ಮಾಕೋಲ್ ಕಾಳುಗಳು ಮೊನ್ನೆ ಹಾಕಿದಂತೆ ಬೆಳ್ಳಗಿದ್ದವು.

"ಇಲ್ಲಿ ಕಂಬಿ ತುಕ್ಕು ಹಿಡ್ದದೆ," ಎಂದರು, ಒಂದು ತುದಿ ತೋರಿಸಿ.

"ಆಮಾಪ್ಪಾ, ಹೌದು. ಅಲ್ಲಿ ಕಂಬಿ ಮೇಲೆ ಕಾಂಕ್ರೀಟು ತೆಳ್ಳಗೆ ಕೊಟ್ಟಿದ್ದೆ. ನಂದೇ ತಪ್ಪು. ಹೊಸ ಹಾಲ್‌ಗೆ ದಪ್ಪ ಕೊಡ್ತೀನಿ."

ಚಿಕ್ಕಪ್ಪ ಬೆರಳಿಗಂಟಿದ ಸಿಮೆಂಟಿನ ಪುಡಿಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಮಗಳ ಮುಖ ನೋಡದೆಯೇ ಹೇಳಿದರು: "ನಂದೂ ತಪ್ಪು ಕಣ್ಣು. ಒಂದು ದಪಾ ಆದ್ರೂ ನಾನು ಇದ್ರ ಮೇಲೆ ನಡೀಬೇಕಿತ್ತು."

ಭಾಗ್ಯ ಯಂತ್ರದ ಕಡೆ ತಿರುಗಿ ಏನೋ ಸ್ವಿಚ್ ಹುಡುಕಿದಳು. (ಯಂತ್ರ ಆಗಲೇ ಆಫ್ ಆಗಿತ್ತು.)

ಹಾಲ್ ಕೆಲಸಕ್ಕೆ ಈ ಸೋಮವಾರ ಅಳತೆ ಹಿಡಿದದ್ದಾಯಿತು. ಕೆಳಗಿನ ಗೋಡೆಯನ್ನೂ ಒಮ್ಮೆ ಪರೀಕ್ಷೆ ಮಾಡಿಬಿಡೋಣ ಎಂದಳು ಭಾಗ್ಯ. ಚಿಕ್ಕಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಅದು ನಮ್ಮ ತಾತ ಕಟ್ಟಿದ ಗೋಡೆ! ಅದಕ್ಯಾಕೆ ಟೆಸ್ಟು?"

ಹೊಸದನ್ನು ಹನ್ನೊಂದು ವರ್ಷ ಅನುಮಾನಿಸುವ ನಾವು, ಹಳೆಯದನ್ನು ಒಂದು ದಿನವಾದರೂ ಅನುಮಾನಿಸಿದ್ದೇವಾ?