ಉತ್ತರಪತ್ರಿಕೆಯಲ್ಲಿ ಕಟ್ಟಿದ ಗೂಡು

ನಾನು ಓದಿದ ಚನ್ನಪಟ್ಟಣದ ಹೆಣ್ಣುಮಕ್ಕಳ ಶಾಲೆಯಿಂದ ಮೊನ್ನೆ ಫೋನಿಗೆ ಒಂದು ಆಹ್ವಾನ ಬಂತು. ಅಲ್ಲಿ ‘ನಾವೀನ್ಯತೆ ಮತ್ತು ಪ್ರದರ್ಶನ ಕಲೆಗಳ ಕೇಂದ್ರ’ ಕಟ್ಟುತ್ತಿದ್ದಾರಂತೆ. ಹೆಸರು ಓದಿ ಮುಗಿಸುವಷ್ಟರಲ್ಲಿ ನನಗೆ ಉಸಿರು ಸಾಲದಾಯಿತು. ಹಳೆಯ ವಿದ್ಯಾರ್ಥಿನಿಯರ ಬಳಿ ಆ ದಿನಗಳ ವಸ್ತು ಏನಾದರೂ ಇದ್ದರೆ ತರಬೇಕು, ಗಾಜಿನ ಬೀರುವಿನಲ್ಲಿ ಇಡುತ್ತೇವೆ ಎಂದು ಕೆಳಗೆ ಬರೆದಿತ್ತು. ನಮ್ಮ ಕಾಲದಲ್ಲೂ ಅಲ್ಲಿ ಇಂಥದ್ದೇ ಒಂದು ಕಟ್ಟಡ ಎದ್ದಿತ್ತು. ಒಂದು ಕಡೆ ಸ್ಟೇಜು, ಅದರ ಪಕ್ಕದಲ್ಲಿ ಹುಡುಗಿಯರು ಕೈಯಾರೆ ಏನಾದರೂ ಮಾಡಿ ಕಲಿಯಲೆಂದು ಒಂದು ಕೋಣೆ. ಅದಕ್ಕೆ ನಾವು ಹೊಸ ಹಾಲ್ ಎನ್ನುತ್ತಿದ್ದೆವು, ಅಷ್ಟೇ.

ಆಗ ನಾನು ಒಂಬತ್ತನೇ ಕ್ಲಾಸು. ರೇಷ್ಮೆಗೆ ಒಳ್ಳೆಯ ಕಾಲ. ದೊಡ್ಡಮಳೂರಿನಿಂದ ಒಳಕ್ಕೆ ಅರ್ಧ ಗಂಟೆ ನಡೆದರೆ ನಮ್ಮೂರು. ಊರಿನ ರಾಗಿ ಹೊಲಗಳೆಲ್ಲ ಒಂದೊಂದಾಗಿ ಹಿಪ್ಪುನೇರಳೆ ತೋಟವಾಗಿದ್ದವು. ಮನೆಗಳು ಹೆಂಚು ಇಳಿಸಿ ತಾರಸಿ ಹಾಕಿಸಿಕೊಳ್ಳುತ್ತಿದ್ದವು. ಆ ಹುಮ್ಮಸ್ಸು ಶಾಲೆಯ ಕಡೆಗೂ ಹರಿಯಿತು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿ ಬಂದವರು ಒಬ್ಬರು ಇಟ್ಟಿಗೆ ಕೊಟ್ಟರು, ಇನ್ನೊಬ್ಬರು ಮರಳು ಹೊಡೆಸಿದರು. ಗೂಡಿನಿಂದ ನೂಲು ತೆಗೆಸುವ ಸಾಹೇಬರೊಬ್ಬರು ಸ್ಟೇಜಿಗೆ ಪರದೆ ಕೊಟ್ಟರು. ನಮ್ಮ ಹೆಡ್‌ಮೇಡಂ ಧಾರವಾಡದ ಕಡೆಯವರು. ಎಲ್ಲರಿಂದಲೂ ನಾಚದೆ ಕೇಳಿ ಪಡೆದರು.

ನಮ್ಮ ಮನೆಯಲ್ಲಿ ಮೂವರೇ: ಅಪ್ಪ, ಅವ್ವ, ನಾನು. ಹುಳು ಬೆರಳುದ್ದ ಬೆಳೆದ ಮೇಲೆ ಮೂರು ಜೊತೆ ಕೈ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಅಂಥದ್ದರಲ್ಲಿ ನಾನು ಶಾಲೆ ಬಿಟ್ಟ ಮೇಲೂ ಕೋಲಾಟದ ಪ್ರಾಕ್ಟೀಸು ಎಂದು ನಿಂತುಬಿಡುತ್ತಿದ್ದೆ. ಹಾಲ್ ಉದ್ಘಾಟನೆಗೆ ಎಂಟು ಹುಡುಗಿಯರ ಕೋಲಾಟ. ನನ್ನ ಜೋಡಿ, ಊರಲ್ಲಿ ಗೊಂಬೆ ಮಾಡುವ ಸಾಹೇಬರ ಮಗಳು, ನನ್ನ ಜೀವದ ಗೆಳತಿ. ಕೋಲುಗಳನ್ನು ಅವಳಪ್ಪನೇ ಕಡೆದು, ಕೆಂಪು ಹಳದಿ ಅರಗಿನ ಬಣ್ಣ ಕೊಟ್ಟು ತಂದಿದ್ದರು. ನನ್ನ ಪಾಲಿನ ಸೊಪ್ಪನ್ನು ಅವ್ವ ಬಾಯಿ ಬಿಡದೆ ಕೊಯ್ದು ಹಾಕುತ್ತಿದ್ದಳು. ಒಂದು ಸಂಜೆ ಅಪ್ಪ ಹುಳುವಿನ ತಟ್ಟೆ ಸರಿಸುತ್ತ ಹೇಳಿದ: “ಈ ಬೆಳೆ ಗೂಡಾಗೋಗಂಟ ನೋಡ್ತೀನಿ ಕಣಮ್ಮಿ. ನಿನ್ ಕುಣಿತದ ದೆಸೆಯಿಂದ ಬೆಳೆ ಕೆಟ್ಟೋದ್ರೆ, ಬರೋ ವರ್ಷ ಇಸ್ಕೂಲೂ ಇಲ್ಲ, ಏನೂ ಇಲ್ಲ.” ರೇಗಿ ಹೇಳಿದ್ದರೆ ನಾನೂ ರೇಗುತ್ತಿದ್ದೆ. ಮೆಲ್ಲಗೆ ಹೇಳಿದ, ಅದಕ್ಕೇ ನನಗೆ ಭಯವಾಯಿತು.

ಭಯವಾದ ಮೇಲಾದರೂ ಬಾಯಿ ಮುಚ್ಚಿಕೊಂಡಿರಬೇಕಲ್ಲ. ಸ್ಟೇಜಿನ ಹಿಂದಿನ ಗೋಡೆ ಬೋಳಾಗಿದೆ, ಏನಾದರೂ ಅಂದ ಮಾಡಬೇಕು ಎಂದು ಹೆಡ್‌ಮೇಡಂ ಅಂದಾಗ ಎಲ್ಲರಿಗಿಂತ ಮೊದಲು ನಾನೇ ಕೈ ಎತ್ತಿದೆ. “ಚಂದ್ರಿಕೆ ನಿಲ್ಲಿಸೋಣ ಮೇಡಂ, ನಮ್ಮನೇಲಿ ಇಪ್ಪತ್ತಿವೆ.” ಚಂದ್ರಿಕೆ ಎಂದರೆ ಬಾಗಿಲಷ್ಟು ದೊಡ್ಡ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಬಿಗಿದಿರುತ್ತಾರೆ. ಹಣ್ಣಾದ ಹುಳುಗಳನ್ನು ಆರಿಸಿ ಆ ಸುರುಳಿಗಳ ನಡುವೆ ಬಿಟ್ಟರೆ ಅಲ್ಲೇ ಗೂಡು ಕಟ್ಟುತ್ತವೆ. ಖಾಲಿ ಇರುವಾಗ ನೋಡಲು ಬಲು ಚೆಂದ. ಹುಳು ಹಣ್ಣಾಗಲು ಉದ್ಘಾಟನೆಯಾದ ಮೇಲೂ ಎರಡು ದಿನ ಇತ್ತು. ಅವ್ವ ಹೇಳಿ ಒಪ್ಪಿಸಿದ ಮೇಲೆ ಅಪ್ಪನೇ ಹತ್ತು ಚಂದ್ರಿಕೆಗಳನ್ನು ಗಾಡಿಯಲ್ಲಿ ತಂದು ಇಳಿಸಿದ. “ಫಂಕ್ಷನ್ ಮುಗುದ್ ಮಾರ್ನೆ ದಿನ ಬಂದು ತಕ್ಕೊಂಡೋಯ್ತೀನಿ” ಎಂದು ಹೆಡ್‌ಮೇಡಂಗೆ ಎರಡು ಸಲ ಹೇಳಿ ಹೋದ.

ಆಮೇಲೆ ಯಾರೋ ಹುಡುಗಿ ಕಿಟಕಿಗೆ ಬಳಿದು ಮಿಕ್ಕ ಆಯಿಲ್ ಪೇಂಟಿನ ಡಬ್ಬ ತಂದಳು. ಸುರುಳಿಗಳಿಗೆ ಹಸಿರು, ಅಂಚಿಗೆ ಕೆಂಪು. ರೇಷ್ಮೆ ಮನೆಯ ಹುಡುಗಿ ನಾನು. ನಮ್ಮ ಮನೆಯಲ್ಲಿ ಹುಳು ಇರುವಾಗ ಅವ್ವ ಮಲ್ಲಿಗೆ ಮುಡಿಯುತ್ತಿರಲಿಲ್ಲ, ಅಪ್ಪ ಬೀಡಿ ಸೇದಿದರೆ ಕೈ ತೊಳೆಯದೆ ಒಳಗೆ ಬರುತ್ತಿರಲಿಲ್ಲ. ಪೇಂಟಿನ ವಾಸನೆಗೆ ಹುಳು ಉಳಿಯುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಎಲ್ಲರೂ ನನ್ನ ಚಂದ್ರಿಕೆ, ನನ್ನ ಐಡಿಯಾ ಎಂದು ಹೊಗಳುತ್ತಿದ್ದರಲ್ಲ, ಅದರ ಅಮಲು ನನಗೆ. ಎರಡು ದಿನ ಬಿಸಿಲಿಗಿಟ್ಟರೆ ವಾಸನೆ ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಉದ್ಘಾಟನೆಯ ದಿನ ಬೆಳಗ್ಗೆ ಅವ್ವ ನನ್ನ ಭುಜ ಅಲ್ಲಾಡಿಸಿ ಎಬ್ಬಿಸಿದಳು. ಹಿಂದಿನ ಎರಡು ದಿನ ಸೆಕೆ ವಿಪರೀತವಾಗಿತ್ತು. ಹುಳುಗಳು ಸೊಪ್ಪು ಬಿಟ್ಟು, ತಲೆಯೆತ್ತಿ ಆಡಿಸುತ್ತಿದ್ದವು. ಮೈಯೆಲ್ಲ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎರಡು ದಿನ ಮೊದಲೇ ಹಣ್ಣಾಗಿಬಿಟ್ಟಿದ್ದವು. ಸಂಜೆಯೊಳಗೆ ಚಂದ್ರಿಕೆಗೆ ಬಿಡದಿದ್ದರೆ ನೂಲನ್ನೆಲ್ಲ ಸೊಪ್ಪಿನ ಮೇಲೆ, ತಟ್ಟೆಯ ಮೇಲೆ ಚೆಲ್ಲಿ ಹಾಳು ಮಾಡುತ್ತವೆ. ಅಪ್ಪ ಆಗಲೇ ಗಾಡಿಗೆ ಎತ್ತು ಕಟ್ಟುತ್ತಿದ್ದ. “ಚಂದ್ರಿಕೆ ತತ್ತೀನಿ, ಅಷ್ಟೊತ್ತಿಗೆ ಇರೋ ಹತ್ತಕ್ಕೆ ಬುಡ್ತಾ ಇರಿ” ಅಂದ.

ಹೇಳಲೇಬೇಕಾಯಿತು. ನೆಲ ನೋಡುತ್ತ ಹೇಳಿದೆ: “ಅದುಕ್ಕೆ ಬಣ್ಣ ಬಳ್ದಿದೀವಿ ಅಪ್ಪ.”

ಅಪ್ಪ ಕೈಯಲ್ಲಿದ್ದ ಹಗ್ಗ ಹಿಡಿದುಕೊಂಡೇ ನಿಂತ. ಬೈಯಲಿಲ್ಲ. “ಊರಲ್ಲಿ ಯಾರ್ ಹತ್ರನಾರ ಸಿಕ್ತಾವ ನೋಡ್ತೀನಿ” ಎಂದು ಅವ್ವನಿಗೆ ಹೇಳಿ ಹೊರಟ. ಸಿಗುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಊರವರೆಲ್ಲ ಒಂದೇ ಸಲ ಮರಿಹುಳು ತಂದಿದ್ದರು, ಎಲ್ಲರ ಮನೆಯಲ್ಲೂ ಹುಳು ಹಣ್ಣಾಗುತ್ತಿತ್ತು. ನಾನು ಮುಖ ತೊಳೆಯದೆ ಶಾಲೆಗೆ ಓಡಿದೆ.

ಶಾಲೆಯ ಗೇಟಿಗೆ ಮಾವಿನ ತೋರಣ ಕಟ್ಟುತ್ತಿದ್ದರು. ಹೊಸ ಕೋಣೆಯ ಬಾಗಿಲಿಗೆ ಮುಖ್ಯ ಅತಿಥಿಗಳು ಕತ್ತರಿಸಲೆಂದು ಗುಲಾಬಿ ಟೇಪು ಕಟ್ಟಿ ಆಗಿತ್ತು. ಗೆಳತಿಯನ್ನು ಕಂಡದ್ದೇ ನನಗೆ ಅಳು ಒತ್ತಿಕೊಂಡು ಬಂತು. ಅವಳು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಹೆಡ್‌ಮೇಡಂ ಮುಂದೆ ನಿಲ್ಲಿಸಿ, ಆದದ್ದನ್ನೆಲ್ಲ ತಾನೇ ಹೇಳಿದಳು. ಬೆಳೆ ಕೆಟ್ಟರೆ ನನ್ನ ಶಾಲೆ ನಿಲ್ಲುತ್ತದೆ ಎನ್ನುವುದನ್ನೂ ಬಿಡಲಿಲ್ಲ. ಹೆಡ್‌ಮೇಡಂ ನನ್ನನ್ನೇ ನೋಡಿ, “ಅಳೋದನ್ನ ಆಮೇಲೆ ಮಾಡೀಯಂತ. ಆ ಹುಳಕ್ಕ ಏನ್ ಬೇಕಾಗ್ತದ, ಅದನ್ನ ಹೇಳು ಮೊದಲ” ಅಂದರು.

ನಾನು ಆವರೆಗೆ ಅದನ್ನು ಯೋಚಿಸಿಯೇ ಇರಲಿಲ್ಲ. ಯೋಚಿಸಿ ಹೇಳಿದೆ: “ಒರಗಿಕೊಳ್ಳೋಕೆ ಒಂದು ಮೂಲೆ ಬೇಕು ಮೇಡಂ. ಎರಡು ಕಡೆ ಆಸರೆ ಇದ್ದರೆ ಸಾಕು, ನೂಲು ಎಳ್ಕೊಂಡು ಕಟ್ಟುತ್ತೆ.”

ಗೆಳತಿ ತಾನು ಉಟ್ಟಿದ್ದ ಕೋಲಾಟದ ಸೀರೆಯ ಮುಂದಿನ ನೆರಿಗೆಯನ್ನು ಹಿಡಿದು ತೋರಿಸಿದಳು. “ಇಂಗಿದ್ರೆ ಆಗುತ್ತಾ? ಕಾಗದದಲ್ಲಿ ಮಾಡಿದ್ರೆ?”

ಹೆಡ್‌ಮೇಡಂ ಗುಲಾಬಿ ಟೇಪನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, “ಬಗ್ಗಿ ಒಳಗ ನಡೀರಿ” ಅಂದರು. ಅತಿಥಿಗಳು ಬರುವ ಮೊದಲೇ ಆ ಕೋಣೆ ಶುರುವಾಯಿತು. ಹಳೆಯ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟುಗಳು ಮೂಲೆಯಲ್ಲಿದ್ದವು. ಹತ್ತು ಹನ್ನೆರಡು ಹುಡುಗಿಯರು ಹೊಸ ಮೇಜುಗಳ ಸುತ್ತ ನಿಂತು ಅವನ್ನು ಬಿಚ್ಚಿ, ಅಂಟಿಸಿ, ಉದ್ದಕ್ಕೆ ನೆರಿಗೆ ಹಿಡಿಯತೊಡಗಿದರು.

ಅಷ್ಟರಲ್ಲಿ ಅಪ್ಪ ಗಾಡಿಯೊಂದಿಗೆ ಬಂದ. ಊರಲ್ಲಿ ಒಂದೂ ಸಿಕ್ಕಿರಲಿಲ್ಲ. ಸ್ಟೇಜಿಗೆ ಹೋಗಿ ಒಂದು ಚಂದ್ರಿಕೆಯನ್ನು ಮೂಸಿ ನೋಡಿ, ಮುಖ ಆ ಕಡೆ ತಿರುಗಿಸಿಕೊಂಡ. ಆಮೇಲೆ ಕೋಣೆಯ ಬಾಗಿಲಿಗೆ ಬಂದು ಟೇಪಿನ ಆಚೆಯೇ ನಿಂತು ನಮ್ಮನ್ನು ನೋಡಿದ. ಗೆಳತಿ ಒಂದು ನೆರಿಗೆ ಕಾಗದ ಒಯ್ದು ಕೊಟ್ಟಳು. ಅಪ್ಪ ಎರಡು ಬೆರಳನ್ನು ಮಡಿಕೆಯೊಳಗೆ ಇಳಿಸಿ ಅಳೆದ. “ಒಸಿ ಅಗಲ ಮಾಡ್ರವ್ವ. ಅದುಕ್ಕೆ ತಲೆ ತಿರುಗ್ಸಕ್ಕೆ ಜಾಗ ಬೇಕು” ಅಂದ. ಆಮೇಲೆ ಚಪ್ಪಲಿ ಬಿಟ್ಟು, ಟೇಪಿನ ಕೆಳಗೆ ಬಗ್ಗಿ ಒಳಗೆ ಬಂದು, ತಾನೂ ಮಡಿಸಲು ಕುಳಿತ.

ಮಧ್ಯಾಹ್ನಕ್ಕೆ ಗಾಡಿ ತುಂಬ ನೆರಿಗೆ ಕಾಗದ. ಗೆಳತಿಯೂ ನಮ್ಮ ಜೊತೆ ಬಂದಳು. ಅವ್ವ ಅವಳ ಮುಡಿಯ ಮಲ್ಲಿಗೆ ತೆಗೆಸಿ, ಮುಖದ ಪೌಡರು ತೊಳೆಸಿ, ಆಮೇಲೆಯೇ ಒಳಗೆ ಬಿಟ್ಟಳು. ತಟ್ಟೆಗಳ ಮೇಲೆ ಕಾಗದ ಹರಡಿ ನೆರಿಗೆಗೊಂದರಂತೆ ಹುಳು ಬಿಡುತ್ತ ಹೋದೆವು. ಹುಳು ಮುಟ್ಟಲು ಗೆಳತಿಗೆ ಮೈ ಜುಮ್ಮೆನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡು ಹಿಡಿಯುತ್ತಿದ್ದಳು. ಅವ್ವ ನಕ್ಕಳು. ಬೆಳಗಿಂದ ನಮ್ಮ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಎರಡೂವರೆಗೆ ಗೆಳತಿ ಸಂಜೆಯ ಫಂಕ್ಷನ್ನಿಗೆ ಹೊರಡಬೇಕಾಯಿತು. ಇನ್ನೂ ಅರ್ಧ ಹುಳು ಬಾಕಿ ಇತ್ತು. “ನೀನೂ ಓಗವ್ವ, ನಾವ್ ಮಾಡ್ಕತೀವಿ” ಎಂದು ಅವ್ವ ನನಗೆ ಹೇಳಿದಳು. ಅಪ್ಪನೂ ತಲೆಯಾಡಿಸಿದ. ಹೋಗಬೇಕೆಂದು ಜೀವ ಬಡಕೊಳ್ಳುತ್ತಿತ್ತು. ತಟ್ಟೆಗಳನ್ನು ನೋಡಿದೆ, ಅವ್ವನ ಕೈ ನೋಡಿದೆ. ನನ್ನ ಕೋಲುಗಳನ್ನು ಗೆಳತಿಯ ಕೈಗಿಟ್ಟೆ. “ನಿನ್ ಜೋಡಿಗೆ ಬೇರೆ ಯಾರನ್ನಾದ್ರೂ ಹಾಕ್ಕೊಳೇ” ಎಂದೆ. ಅವಳು ಹಾಕಿಕೊಳ್ಳಲಿಲ್ಲ. ಎಂಟು ಹುಡುಗಿಯರ ಕೋಲಾಟವನ್ನು ಏಳು ಹುಡುಗಿಯರು ಆಡಿದರಂತೆ. ನನ್ನ ಕೋಲಿಗೆ ಹೊಡೆಯಬೇಕಾದ ಕಡೆಯೆಲ್ಲ ಅವಳು ತನ್ನ ಎರಡು ಕೋಲನ್ನೇ ಒಂದಕ್ಕೊಂದು ಬಡಿದುಕೊಂಡಳಂತೆ. ಮಾರನೆಯ ದಿನ ಇದನ್ನು ಕೇಳಿ ನಾನು ಅತ್ತೆ.

ಆರನೆಯ ದಿನ ಗೂಡು ಬಿಡಿಸಿದೆವು. ಚಂದ್ರಿಕೆಯವು ಹೆಚ್ಚು ಗಟ್ಟಿ, ನಿಜ. ಆದರೆ ಕಾಗದದವೂ ಕಟ್ಟಿದ್ದವು: ನೆರಿಗೆ ನೆರಿಗೆಗೂ ಹಳದಿ ಗೂಡು. ಅಪ್ಪ ಒಂದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, “ಪರ್ವಾಗಿಲ್ಲ” ಅಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ಕಾಗದ ಬಿಡಿಸುತ್ತಿದ್ದಾಗ ಅದರ ಮೇಲಿನ ಬರಹ ನೋಡಿ ಕೇಳಿದ: “ಇದ್ರಲ್ಲಿ ನಿಂದು ಯಾವ್ದಮ್ಮಿ?”

ಹುಡುಕಿದೆ. ನನ್ನದು ಸಿಗಲಿಲ್ಲ. ಅಪ್ಪನಿಗೆ ಓದು ಬರಹ ಬಾರದು. ಆದರೂ ಒಂದೊಂದೇ ಹಾಳೆ ಎತ್ತಿ ನನ್ನ ಮುಂದೆ ಹಿಡಿಯುತ್ತಲೇ ಇದ್ದ. ಅಲ್ಲ, ಅಲ್ಲ ಎಂದು ತಲೆಯಾಡಿಸಿ ನನಗೆ ಸಾಕಾಯಿತು. ಕೊನೆಗೆ ಗೆಳತಿಯ ವಿಜ್ಞಾನದ ಪತ್ರಿಕೆ ಬಂತು. ಐವತ್ತಕ್ಕೆ ನಲವತ್ತನಾಲ್ಕು, ಕೆಂಪು ಶಾಯಿಯಲ್ಲಿ ದೊಡ್ಡದಾಗಿ. “ಇದೇ ನಂದು” ಅಂದೆ. ಅಪ್ಪ ಅದಕ್ಕೆ ಹತ್ತಿದ್ದ ನೂಲಿನ ಜುಂಗನ್ನು ಬಿಡಿಸಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಜೂನ್‌ನಲ್ಲಿ ತಾನೇ ನನ್ನನ್ನು ಶಾಲೆಯ ಗೇಟಿನವರೆಗೂ ಬಿಟ್ಟು ಬಂದ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಪಾಸಾದದ್ದನ್ನು ಬಾಗಿಲಲ್ಲೇ ನಿಂತು ಕೂಗಿ ಹೇಳಿದೆ. “ಕಾಗ್ದ ಕೊಟ್ರಾ?” ಎಂದು ಕೇಳಿದ. ಕಾಲೇಜಿಗೆ ಬೇಕು ಅಪ್ಪ ಎಂದು ಅಂಕಪಟ್ಟಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡೆ. ಆಮೇಲೆ ಅದು ನನ್ನ ಗಂಡನ ಮನೆಯ ಬೀರು ಸೇರಿತು.

ಅಪ್ಪ ಹೋಗಿ ಮೂರು ವರ್ಷವಾಯಿತು. ಶಾಲೆಗೆ ಕೊಡಲು ಏನಾದರೂ ಸಿಕ್ಕೀತೆಂದು ಕಳೆದ ವಾರ ಊರಿಗೆ ಹೋಗಿ ಅವನ ಟ್ರಂಕು ತೆಗೆದೆ. ಪಹಣಿ, ರೇಷನ್ ಕಾರ್ಡುಗಳ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಅದೇ ಹಾಳೆ. ಹುಳುವಿನ ಹಳದಿ ಕಲೆ ಹಾಗೇ ಇತ್ತು. ನನಗೆ ನಗು ಬಂತು. “ನೋಡವ್ವ, ಇದು ನಂದಲ್ಲ. ಆವತ್ತು ಅಪ್ಪಂಗೆ ಸುಳ್ಳು ಹೇಳಿದ್ದೆ” ಅಂದೆ.

ಅವ್ವ ಮಂಚದ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. “ಅದು ನಿಮ್ಮಪ್ಪಂಗೆ ಆವತ್ತೇ ಗೊತ್ತಿತ್ತು ಕಣವ್ವ” ಅಂದಳು. “ಟೀ ಅಂಗ್ಡೀಲಿ ಎಲ್ರಿಗೂ ತೋರ್ಸಕ್ಕೆ ಒಂಟೋದ. ಅಲ್ಲಿ ಯಾರೋ ಎಸ್ರು ಓದುದ್ರಂತೆ, ಗೊಂಬೆ ಸಾಯಬ್ರ ಮಗಳದ್ದು ಅಂತ. ಮನೆಗ್ ಬಂದು ಒಬ್ಬನೇ ನಗ್ತಾ ಕುಂತಿದ್ದ. ‘ಇರ್ಲಿ ಬುಡು. ನಮ್ಮುಡ್ಗಿ ಅವಳದ್ದು ತಂದ್ಕೊಟ್ಟಾಗ ಇದ್ನ ತಗುದು ಅದ್ನ ಮಡಗನ’ ಅಂದ.”

ನಾನು ಕೊಟ್ಟಿರಲಿಲ್ಲ. ಎಸ್ಸೆಸ್ಸೆಲ್ಸಿಯದ್ದೂ ಇಲ್ಲ, ಆಮೇಲಿನ ಯಾವುದೂ ಇಲ್ಲ.

ಮಾರನೆಯ ದಿನ ನನ್ನ ಮನೆಗೆ ಹೋಗಿ ಆ ಅಂಕಪಟ್ಟಿ ತಂದೆ. ಗೆಳತಿಯ ಹಾಳೆಯನ್ನು ಶಾಲೆಗೆಂದು ತೆಗೆದಿಟ್ಟು, ಅದರ ಜಾಗದಲ್ಲಿ ಇದನ್ನು ಇಡುವ ಮೊದಲು ಅವ್ವ, “ಎಷ್ಟೆಷ್ಟ್ ಬಂದೈತೆ, ಓದು” ಅಂದಳು. ಓದತೊಡಗಿದೆ. ಗಣಿತಕ್ಕೆ ಬರುವಷ್ಟರಲ್ಲಿ ಅವಳು ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆ ನೋಡಿ ನನ್ನನ್ನು ತಡೆದಳು. “ಒಸಿ ಜೋರಾಗ್ ಓದು, ನಿಮ್ಮಪ್ಪಂಗೂ ಕೇಳ್ಲಿ.”

ನಾನು ಮತ್ತೆ ಕನ್ನಡದಿಂದ ಶುರುಮಾಡಿದೆ.