ಒದ್ದೆ ಬೆರಳಿಗೊಂದು ಕೀಬೋರ್ಡ್

ಅತ್ತೆಯ ಮಾತು ನಿಂತದ್ದನ್ನು ಕಂಡವಳು ನಾನೊಬ್ಬಳೇ. ಕಾಪುವಿನ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಇಬ್ಬರೂ ಎಂದಿನಂತೆ ಮಲ್ಲಿಗೆ ಕಟ್ಟುತ್ತಿದ್ದೆವು. ನಡುವೆ ಮೊಗ್ಗಿನ ಬುಟ್ಟಿ, ಪಕ್ಕದಲ್ಲಿ ಬಾಳೆನಾರು ನೆನೆಹಾಕಿದ ನೀರಿನ ಪಾತ್ರೆ. ಅತ್ತೆ ಏನೋ ಹೇಳುತ್ತಿದ್ದವರು ವಾಕ್ಯದ ನಡುವೆ ಸುಮ್ಮನಾದರು. ನೆನಪು ಮಾಡಿಕೊಳ್ಳುತ್ತಿರಬೇಕು ಎಂದುಕೊಂಡೆ. ತಲೆ ಎತ್ತಿದರೆ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಕೈಗಳು ಮಾತ್ರ ಮೊಗ್ಗು ಜೋಡಿಸಿ ನಾರು ಸುತ್ತುತ್ತಲೇ ಇದ್ದವು. ಮಣಿಪಾಲದ ಆಸ್ಪತ್ರೆಗೆ ಹೋಗುವ ಕಾರಿನಲ್ಲಿಯೂ ಅವು ಇಲ್ಲದ ಹೂವನ್ನು ಕಟ್ಟುತ್ತಿದ್ದವು.

ಸಂಜೆಗೆ ಮಾತು ಮರಳಿತು. ಹೀಗೆ ಮತ್ತೊಮ್ಮೆ ಆಗಬಹುದು, ಆಗದೆಯೂ ಇರಬಹುದು ಎಂದರು ವೈದ್ಯರು. ಅತ್ತೆ ಮನೆಗೆ ಬಂದ ಮೇಲೆ ನಾನು ಅವರ ಪ್ರತಿ ವಾಕ್ಯವೂ ಮುಗಿಯುವವರೆಗೆ ಉಸಿರು ಹಿಡಿದು ಕಾಯತೊಡಗಿದೆ.

ಕಾರ್ಕಳದ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಓರಗಿತ್ತಿ ಮುಂದಿನ ಭಾನುವಾರ ಬಂದಳು. ಚೀಲದಿಂದ ಒಂದು ಟ್ಯಾಬ್ ತೆಗೆದಳು, ಆಮೇಲೆ ಕನ್ನಡಕದ ಪೆಟ್ಟಿಗೆಯಷ್ಟೇ ಇದ್ದ ಒಂದು ಕಪ್ಪು ವಸ್ತು. ಅದನ್ನು ಬಿಡಿಸಿದರೆ ಕೀಬೋರ್ಡ್!

"ಅತ್ತೆ ಹೇಳುವುದನ್ನೆಲ್ಲ ಬರೆದಿಡುವ, ಅಕ್ಕ. ಆಮೇಲೆ ಬೇಕೆಂದರೆ ಸಿಗುವುದಿಲ್ಲ, ಅಲ್ವಾ?"

ಸರಿಯಾದ ಮಾತು. ಸರಿಯಾದದ್ದರಿಂದಲೇ ನನಗೆ ಹೊಟ್ಟೆ ಉರಿಯಿತು. ಮದುವೆಯಾಗಿ ಬಂದಂದಿನಿಂದ ಈ ಜಗಲಿಯಲ್ಲಿ ಕೂತು ಕೇಳಿದವಳು ನಾನು. ಹೂವು ಬೆಳಿಗ್ಗೆಯೇ ಕೊಯ್ದು, ಪೇಟೆಗೆ ಹೂ ಒಯ್ಯುವ ಗಾಡಿ ಬರುವುದರೊಳಗೆ ಕಟ್ಟಿದ ಮಾಲೆ ಸುತ್ತಿ ಚೆಂಡು ಮಾಡಿ ಮುಗಿಯಬೇಕು. ಅತ್ತೆಗೆ ಮಾತು ಬರುವುದೂ ಆ ಹೊತ್ತಿಗೇ. ಕೈ ಖಾಲಿಯಾದರೆ ಅವರು ಮೂಕಿಯಂತೆ ಟಿವಿ ನೋಡುತ್ತಾರೆ. ಹಾಗಾಗಿ ಎಲ್ಲವನ್ನೂ ಕೇಳಿದ ನನ್ನ ಕೈ ಯಾವತ್ತೂ ಒದ್ದೆ, ಬರೆಯಲು ಬಿಡುವಿಲ್ಲದ್ದು. ಹೂ ಕಟ್ಟಲು ಬಾರದ ಅವಳ ಕೈ ಮಾತ್ರ ಒಣಗಿ ಸಿದ್ಧವಾಗಿತ್ತು.

ಮನೆಯಲ್ಲಿ ನಮ್ಮದು ತುಳು. ಅತ್ತೆ ತುಳುವಿನಲ್ಲಿ ಹೇಳಿದ್ದನ್ನು ಅವಳು ಕೇಳುತ್ತ ಕೇಳುತ್ತಲೇ ಕನ್ನಡದಲ್ಲಿ ಇಳಿಸುತ್ತಿದ್ದಳು, ಅದೂ ಕೀಲಿಗಳನ್ನು ನೋಡದೆ, ಅತ್ತೆಯ ಮುಖ ನೋಡುತ್ತ. ಅತ್ತೆಯೂ ಬರಬರುತ್ತ ಅವಳ ಕಡೆಗೇ ತಿರುಗಿ ಕೂತರು. ನನಗೆ ಅವರ ಎಡಭುಜ ಕಾಣುತ್ತಿತ್ತು.

ಮಂಗಳವಾರ ಮಣಿಪಾಲದ ಅಂಗಡಿಯೊಂದಕ್ಕೆ ಹೋಗಿ ಟ್ಯಾಬ್, ಅದಕ್ಕೊಂದು ಕೀಬೋರ್ಡ್ ಕೇಳಿದೆ.

"ಎಂತಕ್ಕೆ ಮೇಡಂ, ಮಕ್ಕಳ ಓದಿಗಾ?" ಎಂದ ಅಂಗಡಿಯವ.

"ನನಗೆ. ಟಿಪ್ಪಣಿ ಬರೆಯಲಿಕ್ಕೆ."

ಸುರುಳಿ ಸುತ್ತುವ ರಬ್ಬರಿನದೊಂದು, ಮಡಚುವುದೊಂದು, ಟ್ಯಾಬಿನ ಹೊದಿಕೆಗೇ ಅಂಟಿದ್ದೊಂದು, ಎಲ್ಲವನ್ನೂ ಮುಂದೆ ಇಟ್ಟ. ರಬ್ಬರಿನದು ಒತ್ತಿದರೆ ಹಿಟ್ಟು ಒತ್ತಿದಂತಿತ್ತು. ಹೊದಿಕೆಯದು ಚೆನ್ನಾಗಿತ್ತು, ಆದರೆ ಮಡಿಲಲ್ಲಿಟ್ಟರೆ ಹಿಂದಕ್ಕೆ ವಾಲುತ್ತಿತ್ತು.

"ಇದರಲ್ಲಿ ಕನ್ನಡ ಅಕ್ಷರವೇ ಇಲ್ವಲ್ಲ?"

"ಮೇಲೆ ಇಲ್ಲ ಮೇಡಂ, ಒಳಗೆ ಉಂಟು. ಬೇಕಾದರೆ ಸ್ಟಿಕ್ಕರ್ ಕೊಡ್ತೇನೆ. ನೀವು ಕೂತು ಬರೆಯುವುದು ಎಲ್ಲಿ, ಮೇಜಿನ ಮೇಲಾ?"

ಬಹಳ ಒಳ್ಳೆಯ ಪ್ರಶ್ನೆ ಅದು. ನಾನು ಉತ್ತರ ಯೋಚಿಸಲಿಲ್ಲ. ಓರಗಿತ್ತಿಯ ಬಳಿ ಇದ್ದಂಥ ಟ್ಯಾಬ್, ಮಡಚುವ ಕೀಬೋರ್ಡನ್ನೇ ಎತ್ತಿಕೊಂಡೆ, ಪರದೆ ಮಾತ್ರ ಅವಳದ್ದಕ್ಕಿಂತ ಒಂದು ಬೆರಳು ದೊಡ್ಡದು. ಉಡುಪಿಗೆ ಇಳಿಯುವ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅವಳ ಮುಖ ಹೇಗಾಗುತ್ತದೆಂದು ಕಲ್ಪಿಸಿಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಅದನ್ನು ಬಿಡಿಸಿಟ್ಟೆ. ಅತ್ತೆ ಶುರುಮಾಡಿದರು. ನಾನು ಚೆಂಡನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಎರಡು ಪದ ಒತ್ತುವಷ್ಟರಲ್ಲಿ ಅವರು ನಿಲ್ಲಿಸಿದರು. ತಟ್ಟನೆ ಅವರ ಬಾಯಿ ನೋಡಿದೆ.

"ಎಂತಾಯಿತು ಅತ್ತೆ?"

"ನೀನ್ಯಾಕೆ ಕಟ್ಟುವುದು ನಿಲ್ಲಿಸಿದ್ದು? ಗಾಡಿ ಬರುತ್ತದೆ ಮಾರಾಯ್ತಿ."

ಮತ್ತೆ ಹೂ ಕೈಗೆತ್ತಿಕೊಂಡೆ, ಅವರು ಮತ್ತೆ ಮಾತೆತ್ತಿದರು. ಕೈ ಬಿಟ್ಟೆ, ಅವರೂ ಬಿಟ್ಟರು. ನಾರಿನ ನೀರು ಬಿದ್ದ ಪರದೆ ನಾನು ಮುಟ್ಟಿದಲ್ಲಿ ತೆರೆಯದೆ ಇನ್ನೆಲ್ಲೋ ತೆರೆಯುತ್ತಿತ್ತು. ಕೀಲಿಗಳ ಸಂದಿಯಲ್ಲಿ ಹಸಿರು ತೊಟ್ಟುಗಳು. ಕೊನೆಗೆ ಟ್ಯಾಬನ್ನು ಒಳಗೆ ಕಪಾಟಿನಲ್ಲಿಟ್ಟು ಬಂದೆ.

ಭಾನುವಾರ ಓರಗಿತ್ತಿ ಬಂದಳು. ಅತ್ತೆ ಬೆಳ್ಮಣ್ಣಿನ ತವರಿನಿಂದ ಮದುವೆಯಾಗಿ ಬರುವಾಗ ಮಲ್ಲಿಗೆ ಗಿಡದ ಕಡ್ಡಿ ತಂದ ಕತೆ ಹೇಳುತ್ತಿದ್ದರು. "ಕಡ್ಡಿ ಒಣಗಬಾರದೆಂದು ನನ್ನ ಅಮ್ಮ ಅದನ್ನು ಈ..." ಎಂದು ನಿಂತರು. ಬಲಗೈ ಗಾಳಿಯಲ್ಲಿ ಏನನ್ನೋ ಅಗಲವಾಗಿ ಮಡಚಿತು. ಕಣ್ಣು ತುಂಬಿತು. ಓರಗಿತ್ತಿ ಕೀಲಿಗಳ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಆ ಕತೆ ಅವಳಿಗೆ ಹೊಸದು. ಅತ್ತೆ ಭುಜ ತಿರುಗಿಸಿ ನನ್ನನ್ನು ಹುಡುಕಿದರು.

"ಉಪ್ಪಳಿಗೆ ಎಲೆಯಲ್ಲಿ ಸುತ್ತಿಕೊಟ್ಟರು," ಎಂದೆ.

"ಹಾಂ, ಉಪ್ಪಳಿಗೆ ಎಲೆ," ಎಂದು ಅತ್ತೆ ಮುಂದೆ ಹೋದರು. ನಾನು ಕಟ್ಟುವುದನ್ನು ನಿಲ್ಲಿಸಲಿಲ್ಲ.

ಕೀಬೋರ್ಡ್ ಟಕಟಕ ಎಂದಿತು. ಬಗ್ಗಿ ನೋಡಿದೆ. ಪರದೆಯ ಮೇಲೆ ಎಲ್ಲವೂ ಅತ್ತೆಯೊಬ್ಬರೇ ಹೇಳಿದಂತೆ ಸಲೀಸಾಗಿ ಬಂದಿತ್ತು. ಅವರು ತಡವರಿಸಿದ್ದಾಗಲಿ, ತಿರುಗಿ ನೋಡಿದ್ದಾಗಲಿ ಇರಲಿಲ್ಲ. ಎಲೆ ಇತ್ತು, ನಾನು ಇರಲಿಲ್ಲ.

ಆ ಮಧ್ಯಾಹ್ನ ಊಟವಾದ ಮೇಲೆ ಕೈಯನ್ನು ಚೆನ್ನಾಗಿ ಒರೆಸಿ ಕಪಾಟಿನಿಂದ ಟ್ಯಾಬ್ ತೆಗೆದೆ. ಅಡುಗೆಮನೆಯ ಮೇಜಿನ ಮೇಲಿಟ್ಟು ಒಂದೊಂದೇ ಕೀಲಿ ಹುಡುಕಿ ಬೆಳಗಿನದನ್ನು ನೆನಪಿನಿಂದ ಬರೆದೆ, ಅತ್ತೆಯ ಮಾತು ನಿಂತಲ್ಲಿ ನಿಲ್ಲಿಸಿ, ನಾನು ಹೇಳಿದ್ದನ್ನು ನಾನು ಹೇಳಿದ್ದೆಂದೇ ಇಟ್ಟು. ಮೇಜಿಗೆ ಈ ಕೀಬೋರ್ಡ್ ಸರಿಯಾಗಿಯೇ ಹೊಂದುತ್ತದೆ. ಈಗ ದಿನವೂ ಹಾಗೆ ಬರೆಯುತ್ತೇನೆ.

ಓರಗಿತ್ತಿಗೆ ಅದು ಗೊತ್ತಾಗಿದೆ. "ನಿಮ್ಮದನ್ನೂ ನನಗೆ ಕಳಿಸಿ ಅಕ್ಕ, ಒಟ್ಟಿಗೆ ಸೇರಿಸುವ," ಎನ್ನುತ್ತಾಳೆ. ಸೇರಿಸಿದರೆ ಒಳ್ಳೆಯದೇ; ಅತ್ತೆಯ ಮಾತು ಪೂರ್ತಿಯಾಗಿ ಉಳಿಯುವುದು ಹಾಗೆಯೇ ಎಂದು ನನಗೂ ಗೊತ್ತುಂಟು.

"ಕಳಿಸುವ," ಎನ್ನುತ್ತೇನೆ, "ಆದರೆ ನೀನು ಮೊದಲು ಬಂದು ಈ ಬದಿಗೆ ಕೂತು ಒಂದು ಚೆಂಡು ಕಟ್ಟಲಿಕ್ಕೆ ಕಲಿ." ಕಳೆದ ವಾರ ಅವಳು ನಿಜಕ್ಕೂ ಬಂದು ಕೂತಳು. ನಾರನ್ನು ನೀರಿಗೆ ಅದ್ದಿ ಮೊದಲ ಗಂಟು ಹಾಕಿದಳು. ಅತ್ತೆ ಅದನ್ನು ನೋಡಿ, "ಪರವಾಗಿಲ್ಲವಲ್ಲ ಇವಳು!" ಎಂದರು. ನನಗೆ ಅದನ್ನೂ ಸಹಿಸಲಾಗಲಿಲ್ಲ.