ತರೀಕೆರೆ ಮೇಡಂ

ಹೇಮಾವತಿ ತೊಡುತ್ತಿದ್ದ ರವಿಕೆಗಳಲ್ಲಿ ಒಂದೂ ಅವಳ ಅಳತೆಯದಾಗಿರಲಿಲ್ಲ. ನೀಲಿಯದು ಬೀರೂರಿನ ಮದುಮಗಳೊಬ್ಬಳದು. ಅಳತೆ ಕೊಟ್ಟ ದಿನಕ್ಕೂ ಮದುವೆಯ ದಿನಕ್ಕೂ ನಡುವೆ ಆಕೆ ದಪ್ಪಗಾಗಿ, ತಪ್ಪೆಲ್ಲ ಹೊಲಿದವಳದೆಂದು ಬಿಟ್ಟುಹೋಗಿದ್ದಳು. ಹಸಿರಿನದನ್ನು ಕುತ್ತಿಗೆ ಆಳವಾಯಿತೆಂದು ಅದರ ಒಡತಿಯ ಗಂಡ ವಾಪಸು ತಂದು ಮೇಜಿನ ಮೇಲೆ ಎಸೆದಿದ್ದ. ಕಂದು ಬಣ್ಣದ್ದನ್ನು ಹೊಲಿಸಲು ಕೊಟ್ಟವರು ಬರಲೇ ಇಲ್ಲ. ಕಡೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮನೆಯ ಹಜಾರದಲ್ಲೇ ಮಿಷನ್ ಇಟ್ಟುಕೊಂಡು ಊರ ಹೆಂಗಸರಿಗೆಲ್ಲ ಹೊಲಿಯುವ ಹೇಮಾವತಿ, ಹೀಗೆ ಯಾರೂ ಒಯ್ಯದೆ ಉಳಿದದ್ದನ್ನು ಒಂದಿಷ್ಟು ಬಿಚ್ಚಿ, ಒಂದಿಷ್ಟು ಹಿಡಿದು ತಾನು ತೊಡುತ್ತಿದ್ದಳು. ಸೆರಗು ಹೊದ್ದರೆ ಏನೂ ಕಾಣುವುದಿಲ್ಲ.

ಚಿಕ್ಕಂದಿನಲ್ಲೂ ಹಾಗೆಯೇ. ಅಜ್ಜಂಪುರದಲ್ಲಿ ಹೈಸ್ಕೂಲು ಮುಗಿಸುವ ತನಕ ಅವಳು ತೊಟ್ಟದ್ದು ಅಕ್ಕಂದಿರು ಬಿಟ್ಟ ಲಂಗ, ಜಾಕೀಟು. ಅವಳ ತರಗತಿಯಲ್ಲಿ ಸ್ಟೇಷನ್ ಮಾಸ್ತರರ ಮಗಳೊಬ್ಬಳಿದ್ದಳು. ಶಾಲಾ ವಾರ್ಷಿಕೋತ್ಸವಕ್ಕೆ ಆ ಹುಡುಗಿ ಕಡುನೀಲಿಯ ಮೇಲೆ ಬಿಳಿ ಚುಕ್ಕೆಗಳಿದ್ದ ಉದ್ದನೆಯ ಫ್ರಾಕ್ ತೊಟ್ಟು ಬಂದಳು. ಉಬ್ಬಿದ ತೋಳು, ಲೇಸಿನ ಕಾಲರು, ಬೆನ್ನುದ್ದಕ್ಕೂ ಬಟ್ಟೆ ಸುತ್ತಿದ ಗುಂಡಿಗಳು, ಸೊಂಟದ ಹಿಂದೆ ದೊಡ್ಡ ಬೋ. ಬೋ ಬಿಚ್ಚಿಹೋದಾಗ ಮತ್ತೆ ಕಟ್ಟಿಕೊಟ್ಟವಳು ಹೇಮಾವತಿ. ಅವಳಿಗೂ ಆ ಫ್ರಾಕಿಗೂ ಇದ್ದ ಸಂಬಂಧ ಅಷ್ಟೇ. ಮುಂದೆ ಹೊಲಿಗೆ ಕಲಿತು, ಯಾರ್ಯಾರದೋ ಮಕ್ಕಳಿಗೆ ಎಷ್ಟೋ ಫ್ರಾಕ್ ಹೊಲಿದರೂ ಅದನ್ನು ಮಾತ್ರ ಅವಳು ಯಾರಿಗೂ ಹೊಲಿದುಕೊಟ್ಟಿರಲಿಲ್ಲ.

ಒಂದು ದಿನ ಅಜ್ಜಂಪುರದಿಂದ ಶಿರೀನ್ ತಾಜ್ ಫೋನ್ ಮಾಡಿದಳು. ಜೊತೆಯಲ್ಲಿ ಓದಿದವಳು. ಆ ವರ್ಷದ ಎಸೆಸೆಲ್ಸಿ ಬ್ಯಾಚಿನವರನ್ನೆಲ್ಲ ಹುಡುಕಿ ವಾಟ್ಸಾಪ್ ಗ್ರೂಪಿಗೆ ಸೇರಿಸಿ, ಮೇಷ್ಟರುಗಳಿಗೆ ಶಾಲು ಹೊದಿಸುವ ಗುರುವಂದನೆಯನ್ನು ಗೊತ್ತುಮಾಡಿದವಳು ಅವಳೇ.

"ಲೇ ಹೇಮಾ, ಸೀರೆ ಉಟ್ಕಂಡು ಬಂದ್ರೆ ಗೇಟಲ್ಲೇ ನಿಲ್ಸಿ ವಾಪಸ್ ಕಳಿಸ್ತೀನಿ ಕಣೇ. ಎಲ್ರೂ ನಮ್ ಕಾಲದ ಡ್ರೆಸ್ಸಲ್ಲೇ ಬರ್ಬೇಕು ಅಂತ ಗ್ರೂಪಲ್ಲಿ ಹಾಕಿದೀನಿ, ನೋಡ್ಲಿಲ್ವಾ?"

"ನಮ್ ಕಾಲದಲ್ಲಿ ನನ್ಹತ್ರ ಡ್ರೆಸ್ಸೇ ಇರ್ಲಿಲ್ವಲ್ಲೇ."

"ಈಗ ಮಿಷನ್ ಐತಲ್ಲ, ಹೊಲ್ಕೊ. ಹಂಗೇ ನಂದೂ ಒಂದು ಹೊಲ್ದುಬಿಡು."

ಹೇಮಾವತಿ ಮೊದಲು ಶಿರೀನಳದನ್ನು ಹೊಲಿದಳು. ಅದರ ಫೋಟೋ ಗ್ರೂಪಿನಲ್ಲಿ ಬಂದ ಮೇಲೆ ಬ್ಯಾಚಿನ ಇನ್ನೂ ಕೆಲವರು ಬಟ್ಟೆ ಕಳಿಸಿದರು. ಅವರದನ್ನೂ ಹೊಲಿದಳು. ಆಮೇಲೆ ಪೇಟೆಗೆ ಹೋಗಿ, ಅಂಗಡಿಯವನಿಂದ ಥಾನುಗಳನ್ನೆಲ್ಲ ಇಳಿಸಿ, ಕಡುನೀಲಿಯ ಮೇಲೆ ಬಿಳಿ ಚುಕ್ಕೆಯದನ್ನು ಹುಡುಕಿ ತಂದಳು.

ಆ ಮನೆಯಲ್ಲಿ ಹೊಲಿಗೆ ಎರಡು ಬಗೆ. ಗಿರಾಕಿ ಕೆಲಸ ಒಂದು, ಮನೆ ಕೆಲಸ ಒಂದು. ಗಿರಾಕಿ ಕೆಲಸ ನಡೆಯುವಾಗ ಹೇಮಾವತಿಯನ್ನು ಯಾರೂ ಕರೆಯುತ್ತಿರಲಿಲ್ಲ. ಮನೆ ಕೆಲಸವಾದರೆ ಯಾರು ಬೇಕಾದರೂ ಕರೆಯಬಹುದಿತ್ತು. ಈ ಕಾನೂನನ್ನು ಯಾರೂ ಮಾಡಿರಲಿಲ್ಲ, ಆದ್ದರಿಂದ ಯಾರನ್ನೂ ಕೇಳುವಂತಿರಲಿಲ್ಲ.

ಅವಳು ಚುಕ್ಕೆ ಬಟ್ಟೆಯನ್ನು ನೆಲಕ್ಕೆ ಹಾಸಿ ಸೀಮೆಸುಣ್ಣ ಹಿಡಿದಳು. ಒಳಗಿನಿಂದ ಅತ್ತೆ ಕಾಂತಮ್ಮ ಕೇಳಿದರು.

"ಯಾರ್ದೇ ಅದು?"

"ನಂದೇ, ಅತ್ತೆ."

"ನಿಂದೇ ತಾನೆ? ಎತ್ತಿಡು ಅತ್ಲಾಗೆ. ಅವರೆಕಾಯಿ ಬಿಡಿಸು ಬಾ."

ಮಾರನೆಯ ದಿನ ಮತ್ತೆ ಹಾಸಿದಾಗ ಗಂಡ ಕನಕರಾಜು ತನ್ನ ಪ್ಯಾಂಟಿನ ಜಿಪ್ಪು ಹಿಡಿದುಕೊಂಡು ಬಂದ. ಅವನದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಸಿಂಗಟಗೆರೆ, ಪಂಚನಹಳ್ಳಿ ಕಡೆಯ ಬೋರ್‌ವೆಲ್‌ಗಳು ಕೆಟ್ಟರೆ ಅವನನ್ನೇ ಕರೆಯುತ್ತಾರೆ. ಅದರ ಮಾರನೆಯ ದಿನ ಪಕ್ಕದ ಮನೆಯವರು ಸೀರೆಗೆ ಫಾಲ್ ಹಚ್ಚಿಕೊಡು ಎಂದು ಬಂದು ಕೂತರು. ಪಕ್ಕದ ಮನೆಯವರು ಗಿರಾಕಿಗಳಲ್ಲ, ಕಾಸು ಕೊಡುವುದಿಲ್ಲ. ಆದರೂ ಅವರದು ಮೊದಲು. ಚುಕ್ಕೆ ಬಟ್ಟೆ ಮಡಿಕೆಯಾಗಿ ಮಿಷನ್ನಿನ ಕೆಳಗೆ ಬಿದ್ದಿತ್ತು. ಅದರ ಮೇಲೆ ಬೆಕ್ಕು ಮಲಗುವುದಕ್ಕೆ ಶುರುಮಾಡಿತು.

ಬೆಕ್ಕನ್ನು ಓಡಿಸಿದವರು ಕಾಂತಮ್ಮ. ಬಟ್ಟೆಯನ್ನು ಕೊಡವಿ, "ಇದ್ಯಾರ್ದೇ, ಇನ್ನೂ ಇಲ್ಲೇ ಬಿದ್ದೈತೆ?" ಅಂದರು. ಹಿಂದೆ ಕೇಳಿದ್ದು ಅವರಿಗೆ ಮರೆತಿತ್ತು.

"ತರೀಕೆರೆ ಮೇಡಮ್ದು," ಅಂದಳು ಹೇಮಾವತಿ.

ಅವಳಿಗೆ ಗುರುತಿರುವ ಯಾವ ಮೇಡಮ್ಮೂ ತರೀಕೆರೆಯಲ್ಲಿ ಇರಲಿಲ್ಲ.

"ಅಯ್ಯ, ಮೇಡಂ ಬಟ್ಟೆ ಮೇಲೆ ಬೆಕ್ಕು ಮಲಗಿಸ್ಕಂಡಿದೀಯಲ್ಲೇ. ಏಳು, ಹೊಲಿ. ಸಾರು ನಾನ್ ನೋಡ್ಕತೀನಿ."

ಅವತ್ತು ಹೇಮಾವತಿ ಒಂದೇ ಸಲ ಕೂತು ಲಂಗದ ಭಾಗವನ್ನು ಪೂರ್ತಿ ಕತ್ತರಿಸಿದಳು. ನಡುವೆ ಒಂದು ಸಲ ಕಾಫಿಯೂ ಬಂತು.

ಮೇಡಂ ಬಗ್ಗೆ ಅವಳು ಹೇಳಿದ್ದು ಆ ಒಂದು ಮಾತು. ಉಳಿದದ್ದನ್ನು ಮನೆಯವರು ಸೇರಿಸಿಕೊಂಡರು. ಮೇಡಂ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ ಎಂದು ಕಾಂತಮ್ಮ ತೀರ್ಮಾನಿಸಿದರು. ಇಂಥ ಬಟ್ಟೆ ಕೇಳಬೇಕಾದರೆ ಓದಿದವರೇ ಇರಬೇಕು. ಅವರ ಯಜಮಾನರು ಕರೆಂಟ್ ಆಫೀಸಿನಲ್ಲಿರಬೇಕು ಎಂದು ಕನಕರಾಜು ಲೆಕ್ಕ ಹಾಕಿದ. ಹೇಗೆ ಎಂದು ಯಾರೂ ಕೇಳಲಿಲ್ಲ. ಕರೆಂಟ್ ಆಫೀಸಿನಲ್ಲಿ ಒಬ್ಬರ ಗುರುತು ಅವನಿಗೆ ಬೇಕಾಗಿತ್ತು, ಅಷ್ಟೇ. "ಆ ಮೇಡಂ ಕೆಲಸ ಕೆಡಿಸ್ಬೇಡ" ಎಂದು ಹೇಳಿ, ಸಂಜೆ ತಾನೇ ಕುಕ್ಕರ್ ಇಟ್ಟ. ಅಕ್ಕಿಗೆ ಎಷ್ಟು ನೀರು ಎಂದು ಕೇಳಿದ. ಅವನಿಗೆ ಮದುವೆಯಾಗಿ, ಮಗಳು ದೀಪಶ್ರೀ ಶಿವಮೊಗ್ಗದ ಹಾಸ್ಟೆಲ್ಲಿಗೆ ಸೇರುವಷ್ಟು ದೊಡ್ಡವಳಾದ ಇಷ್ಟು ವರ್ಷಗಳಲ್ಲಿ ಅವನು ಕೇಳಿದ ಮೊದಲನೇ ಅಡುಗೆಯ ಪ್ರಶ್ನೆ ಅದು. ಅನ್ನ ಮುದ್ದೆಯಾಯಿತು. ಎಲ್ಲರೂ ತಿಂದರು.

ಮೇಲುಭಾಗ ಕತ್ತರಿಸುವಾಗ ಒಂದು ತೊಡಕು ಎದುರಾಯಿತು. ಊರ ಹೆಂಗಸರ ಅಳತೆಯೆಲ್ಲ ಹೇಮಾವತಿಯ ಬಾಯಲ್ಲಿತ್ತು, ತನ್ನದು ಗೊತ್ತಿರಲಿಲ್ಲ. ಎದೆ, ಸೊಂಟ ತಾನೇ ಹಿಡಿಯಬಹುದು. ಬೆನ್ನನ್ನೂ ಭುಜವನ್ನೂ ಬೇರೆಯವರೇ ಹಿಡಿಯಬೇಕು. ಟೇಪನ್ನು ಅತ್ತೆಯ ಕೈಗೆ ಕೊಟ್ಟಳು.

"ಮೇಡಮ್ದು ಹೆಚ್ಚುಕಮ್ಮಿ ನನ್ನ ಅಳತೆಯೇ. ಸ್ವಲ್ಪ ಹಿಡೀರಿ."

ಕಾಂತಮ್ಮನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಸೊಸೆಯ ಬೆನ್ನಿಗೆ ಟೇಪು ಹಿಡಿದು, ಮುಗಿದ ಜಾಗವನ್ನು ಉಗುರಿನಲ್ಲಿ ಒತ್ತಿಕೊಂಡು ಮುಂದಕ್ಕೆ ತಂದು ತೋರಿಸಿದರು.

"ಬೆನ್ನು ಅಗಲ ಐತೆ ಕಣೇ. ಮೇಡಂ ಕುರ್ಚಿ ಮೇಲೆ ಕೂತು ಕೆಲಸ ಮಾಡೋರು. ಇಷ್ಟು ಬೆನ್ನು ಎಲ್ಲಿಂದ ಬತ್ತದೆ?"

"ಇರ್ತದೆ, ಅತ್ತೆ."

ಭುಜಕ್ಕೆ ಹಿಡಿದರು. ಮತ್ತೊಂದು ಸಲ ಹಿಡಿದರು. ದೂರ ನಿಂತು ನೋಡಿದರು.

"ನಿನ್ನ ಒಂದು ಭುಜ ಇಳಿದೈತೆ. ಬಲಗಡೇದು."

"ಮಿಷನ್ ಮೇಲೆ ಬಗ್ಗಿ ಬಗ್ಗಿ ಹಂಗಾಗಿರ್ಬೇಕು. ಇಲ್ಲಾ ನೀರಿನ ಬಿಂದಿಗೇದು."

"ಮೇಡಮ್ಮಂಗೂ ಹಂಗೆನಾ?"

"ಹಂಗೇ."

"ಪಾಪ," ಅಂದರು ಕಾಂತಮ್ಮ.

ಅವರು ಟೇಪನ್ನು ಸುತ್ತಿ ಕೊಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲಿನಲ್ಲಿ ಬಿಂದಿಗೆಯ ಸದ್ದಾಯಿತು. ಆಮೇಲೆ, "ಲೇ ಕನಕ, ಬಂದು ಎತ್ತಿಡಪ್ಪ ಇದನ್ನ" ಎಂಬ ಮಾತು ಕೇಳಿಸಿತು.

ಬಲಭುಜ ಇಳಿದದ್ದು ತಿಳಿಯದಂತೆ ಹೇಮಾವತಿ ಅತ್ತ ಒಂದು ಪದರ ಹೆಚ್ಚಿಗೆ ಕೊಟ್ಟಳು. ತೋಳನ್ನು ನೆರಿಗೆ ಹಿಡಿದು ಉಬ್ಬಿಸಿದಳು. ಗುಂಡಿಗಳಿಗೆ ಒಂದೊಂದಕ್ಕೂ ಬಟ್ಟೆ ಸುತ್ತಿದಳು. ಉಬ್ಬಿದ ತೋಳನ್ನು ಕಾಂತಮ್ಮ ಕೈಯಲ್ಲಿ ಹಿಡಿದು ಒತ್ತಿದರು, ಬಿಟ್ಟರು. ಅದು ಮತ್ತೆ ಎದ್ದು ನಿಂತಿತು.

"ಇದು ಬುಗ್ಗೆ ಕೈ. ನನ್ ಮದ್ವೇಲಿ ನಮ್ಮತ್ತಿಗೆ ಹಾಕ್ಕಂಡಿದ್ಲು," ಅಂದರು.

"ನೀವು ಹೊಲಿಸ್ಕೊಳ್ಳಿಲ್ವಾ?"

"ಯಾರು ಹೊಲಿಸ್ಕೊಡ್ತಿದ್ರು? ನಂದು ನಮ್ಮವ್ವಂದೇ ರವಿಕೆ. ಹಿಂದೆ ಪಿನ್ನು ಹಾಕಿದ್ರು. ಧಾರೆ ಮುಗಿಯೋಗಂಟ ಚುಚ್ತಿತ್ತು."

ಗುರುವಂದನೆಯ ಹಿಂದಿನ ದಿನ ಕನಕರಾಜು ಸ್ನಾನ ಮಾಡಿ ಒಳ್ಳೆಯ ಅಂಗಿ ಹಾಕಿಕೊಂಡು ಬಂದು ನಿಂತ.

"ತರೀಕೆರೇಲಿ ಮೋಟಾರ್ ಎತ್ತೋದೈತೆ. ಡ್ರೆಸ್ ಕೊಡು, ಮೇಡಮ್ಮಂಗೆ ನಾನೇ ತಲುಪಿಸ್ತೀನಿ. ಹಂಗೇ ಯಜಮಾನ್ರನ್ನೂ ಮಾತಾಡಿಸ್ದಂಗಾಯ್ತದೆ. ಮನೆ ಎಲ್ಲಿ ಅಂದೆ?"

ಹೇಮಾವತಿ ಬಾಯಲ್ಲಿದ್ದ ದಾರವನ್ನು ತೆಗೆದಳು. ಫ್ರಾಕ್ ಅವಳ ಮಡಿಲಿನಲ್ಲಿತ್ತು. ಕೊಟ್ಟರೆ ಅದು ತರೀಕೆರೆಯ ಬೀದಿಗಳನ್ನೆಲ್ಲ ಸುತ್ತಿ, ಸುಳ್ಳನ್ನು ಹೊತ್ತುಕೊಂಡು ವಾಪಸು ಬರುತ್ತದೆ. ಕೊಡದಿದ್ದರೆ ಕಾರಣ ಹೇಳಬೇಕು.

"ಗುಂಡಿ ಬಾಕಿ ಐತೆ."

"ಕಾಯ್ತೀನಿ ಬಿಡು."

"ಬ್ಯಾಡ. ನಾಳೆ ಅಜ್ಜಂಪುರದ ಫಂಕ್ಷನ್ನಿಗೆ ಮೇಡಮ್ಮೂ ಬರ್ತಾರೆ. ಅಲ್ಲೇ ಕೊಡ್ತೀನಿ."

"ಅವ್ರೂ ನಿಮ್ ಬ್ಯಾಚಾ?"

"ನಮ್ ಬ್ಯಾಚೇ."

ಮೇಡಂ ಬಗ್ಗೆ ಅವಳು ಆಡಿದ ಮಾತುಗಳಲ್ಲಿ ಇದು ಅತ್ಯಂತ ನಿಜವಾದದ್ದು. ಕನಕರಾಜು ಅಂಗಿ ಬದಲಿಸಿ ಎಣ್ಣೆ ಕಲೆಯದನ್ನು ಹಾಕಿಕೊಂಡು ಹೋದ.

ಭಾನುವಾರ ಬೆಳಿಗ್ಗೆ ಅವಳು ಸೀರೆ ಉಟ್ಟು, ಬೀರೂರಿನ ಮದುಮಗಳ ನೀಲಿ ರವಿಕೆ ತೊಟ್ಟು, ಫ್ರಾಕನ್ನು ಇಸ್ತ್ರಿ ಮಾಡಿ ಮಡಿಸಿ ಕವರಿಗೆ ಹಾಕಿದಳು. ಶಿರೀನಳ ಮನೆಯಲ್ಲಿ ಬದಲಿಸಿಕೊಳ್ಳುವುದು, ಸಂಜೆ ಅಲ್ಲೇ ಬಿಚ್ಚಿಟ್ಟು ಬರುವುದು ಎಂದು ಅಂದುಕೊಂಡಿದ್ದಳು. ಆಮೇಲೆ ಫ್ರಾಕ್ ಶಿರೀನಳ ಬೀರುವಿನಲ್ಲೇ ಇರುತ್ತದೆ. ಮೇಡಂ ಬಟ್ಟೆ ಈ ಮನೆಗೆ ಹಿಂದಿರುಗುವಂತಿರಲಿಲ್ಲ.

ಕಾಂತಮ್ಮ ಕವರಿನೊಳಗೆ ಕೈ ಹಾಕಿ ನೋಡಿದರು.

"ಇದೇನೇ ಹಿಂಗೆ ತುರುಕಿದೀಯ? ಬುಗ್ಗೆ ಕೈ ಅಪ್ಪಚ್ಚಿ ಆಗೋಯ್ತದೆ. ಮೇಡಮ್ಮಂಗೆ ಸುಕ್ಕು ಬಟ್ಟೆ ಕೊಡಾಕಾಯ್ತದಾ?"

"ಮತ್ತೆ ಹೆಂಗೆ ತಗಂಡೋಗ್ಲಿ, ಅತ್ತೆ?"

"ಮೈಮೇಲೆ ಹಾಕ್ಕಂಡೋಗು. ಅಳತೆ ಒಂದೇ ತಾನೆ?"

ಹೇಮಾವತಿ ಅತ್ತೆಯ ಮುಖ ನೋಡಿದಳು. ಆ ಮುಖ ಅವರೆಕಾಯಿ ಬಿಡಿಸು ಎಂದಾಗ ಹೇಗಿತ್ತೋ ಹಾಗೆಯೇ ಇತ್ತು.

ಸೀರೆ, ರವಿಕೆ ಬಿಚ್ಚಿ ಕವರಿಗೆ ಹಾಕಿ ಫ್ರಾಕ್ ತೊಟ್ಟಳು. ಗುಂಡಿಗಳು ಬೆನ್ನ ಹಿಂದೆ ಇದ್ದುದರಿಂದ ತಾನೇ ಹಾಕಿಕೊಳ್ಳುವಂತಿರಲಿಲ್ಲ. ಕಾಂತಮ್ಮ ಮೇಲಿನಿಂದ ಒಂದೊಂದಾಗಿ ಹಾಕುತ್ತ ಬಂದರು. ಎಲ್ಲಿಯೂ ಎಳೆಯಬೇಕಾಗಲಿಲ್ಲ. ಸೊಂಟದ ಹಿಂದೆ ಬೋ ಕಟ್ಟಿದರು, ಬಿಚ್ಚಿದರು, ಇನ್ನೂ ದೊಡ್ಡದಾಗಿ ಕಟ್ಟಿದರು. "ಸರಿಯಾಗಿ ಕೂತೈತೆ," ಅಂದರು.

ಕನಕರಾಜು ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದ. "ಟ್ರೈನಲ್ಲಿ ಹುಷಾರು. ಮೇಡಂ ಬಟ್ಟೆ, ಗಲೀಜಾಗ್ಬಾರ್ದು."

ರೈಲಿನಲ್ಲಿ ಅವಳಿಗೆ ಹೊದೆಯಲು ಸೆರಗಿರಲಿಲ್ಲ. ಬೀರೂರು ದಾಟುವವರೆಗೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕಿಟಕಿಯ ಮೇಲಿಟ್ಟಳು.

ಶಾಲೆಯ ಗೇಟಿನಲ್ಲಿ ಶಿರೀನ್ ಅವಳನ್ನು ಒಂದು ಸುತ್ತು ತಿರುಗಿಸಿ ನೋಡಿದಳು. "ಅಬ್ಬಾ, ಯಾರ್ ಹೊಲಿದ್ರೇ?"

"ಕಡೂರಲ್ಲೊಬ್ಳು ಟೈಲರ್ ಅವ್ಳೆ."

"ನಂದಕ್ಕಿಂತ ಚೆನ್ನಾಗಿ ಹೊಲಿದವ್ಳೆ ನಿಂಗೆ. ಮೋಸ ಕಣೇ."

ಸ್ಟೇಷನ್ ಮಾಸ್ತರರ ಮಗಳು ಬಂದಿರಲಿಲ್ಲ. ಗ್ರೂಪಿನಲ್ಲೂ ಇರಲಿಲ್ಲ. ಆ ಫ್ರಾಕನ್ನು ಅಲ್ಲಿದ್ದವರಲ್ಲಿ ಒಬ್ಬರೂ ನೆನಪಿಟ್ಟಿರಲಿಲ್ಲ, ಹಾಗಾಗಿ ಅದು ಹೇಮಾವತಿಯದೇ ಆಯಿತು. ಊಟದ ಹೊತ್ತಿಗೆ ಒಬ್ಬಳ ಲಂಗದ ಅಂಚು ಬಿಚ್ಚಿಕೊಂಡಿತು. "ಹೇಮಾ, ಸೂಜಿ ತಂದಿದೀಯೇನೇ?" ಎಂದು ಕೂಗಿದಳು. ಹೇಮಾವತಿಯ ಚೀಲದಲ್ಲಿ ಸೂಜಿ ಇಲ್ಲದ ದಿನವೇ ಇರಲಿಲ್ಲ. "ತಂದಿಲ್ಲ," ಅಂದಳು. ಹೋಳಿಗೆ ಬಡಿಸುತ್ತಿದ್ದವರು ಬಂದರು. ಇನ್ನೊಂದು ಹಾಕಿಸಿಕೊಂಡಳು.

ಸಂಜೆ ಶಿರೀನಳ ಮನೆಯಲ್ಲಿ ಕವರು ತೆಗೆದು ಒಳಗಿನ ಸೀರೆಯನ್ನೂ ನೀಲಿ ರವಿಕೆಯನ್ನೂ ನೋಡಿದಳು. ಮತ್ತೆ ಮುಚ್ಚಿದಳು. ಫ್ರಾಕಿನಲ್ಲೇ ರೈಲು ಹತ್ತಿದಳು.

ಮನೆಯಲ್ಲಿ ಕನಕರಾಜು ಬಾಗಿಲಲ್ಲೇ ಕೂತಿದ್ದ.

"ಮೇಡಂ ಬರ್ಲಿಲ್ವಾ?"

"ಬಂದಿದ್ರು."

"ಮತ್ತೆ ಡ್ರೆಸ್ಸು?"

"ನೀನೇ ಇಟ್ಕೊ ಅಂದ್ರು."

"ಯಜಮಾನ್ರೂ ಬಂದಿದ್ರಾ?"

"ಅವ್ರ ಯಜಮಾನ್ರು ಮನೇಲಿ ಕುಕ್ಕರ್ ಇಟ್ಟಿದ್ರಂತೆ."

ಕನಕರಾಜು ಹೆಂಡತಿಯ ಮುಖ ನೋಡಿದ, ಫ್ರಾಕ್ ನೋಡಿದ, ಒಳಗೆ ಕೂಗುತ್ತಿದ್ದ ಕುಕ್ಕರಿನ ಕಡೆಗೆ ನೋಡಿದ. ಎದ್ದು ಹೋಗಿ ಅದನ್ನು ಆರಿಸಿ ಬಂದ.

ಕಾಂತಮ್ಮ ಬೋ ಬಿಚ್ಚಿ, ಗುಂಡಿಗಳನ್ನು ತೆಗೆಯುತ್ತ ಬೆನ್ನ ಹಿಂದಿನಿಂದ ಕೇಳಿದರು.

"ಆ ಮೇಡಮ್ಮಂಗೆ ಅತ್ತೆ ಅವ್ಳಾ?"

ಹೇಮಾವತಿ ತಿರುಗಲಿಲ್ಲ. "ಅವ್ರೆ."

"ಅವಳಿಗೂ ಒಂದು ಬುಗ್ಗೆ ಕೈ ರವಿಕೆ ಬೇಕೇನೋ ಕೇಳ್ಬೇಕಿತ್ತು."

ಹೇಮಾವತಿ ಸೀರೆ ಉಟ್ಟು ಬಂದು, ಮಿಷನ್ನಿನ ಪಕ್ಕದ ಮೊಳೆಗೆ ನೇತುಹಾಕಿದ್ದ ಟೇಪನ್ನು ತೆಗೆದುಕೊಂಡಳು.

"ಕೈ ಎತ್ತಿ, ಅತ್ತೆ."

"ನಂದ್ಯಾಕೆ?"

"ಅವ್ರ ಅತ್ತೇದೂ ನಿಮ್ಮ ಅಳತೆಯೇ."

ಕಾಂತಮ್ಮ ಕೈ ಎತ್ತಿದರು. ಅವರ ಎರಡೂ ಭುಜ ಇಳಿದಿದ್ದವು. ಹೇಮಾವತಿ ಎರಡನ್ನೂ ಹಿಡಿದು ನೋಡಿಕೊಂಡಳು.

"ಲೇ ಕನಕ," ಎಂದು ಕಾಂತಮ್ಮ ಕೈ ಎತ್ತಿಕೊಂಡೇ ಕೂಗಿದರು, "ಸಾರಿಗೆ ಒಗ್ಗರಣೆ ನೀನೇ ಹಾಕಪ್ಪ. ಇಲ್ಲಿ ಗಿರಾಕಿ ಕೆಲಸ ನಡೀತೈತೆ."